ಕಾಮಾಲೆ ಬರೋ ಮೊದಲೇ ನಾಯಿಯ ಪಿತ್ತಕೋಶ ತೆಗೆಸಬೇಕಾ?

ಮಳೆಗಾಲದ_ಡ್ಯೂಟಿ
ಒಂದು ಕೇಸಿನ ವಿಚಾರ. ಕಾಕರ್ ಸ್ಪ್ಯಾನಿಯಲ್, ಹೆಣ್ಣು, 10 ವರ್ಷ, 12 ಕೆಜಿ, ತೀರ್ಥಹಳ್ಳಿ ಕಡೆಯದು. ಹಲ್ಲು ಕ್ಲೀನಿಂಗಿಗೆ ಅಂತ ರಕ್ತ ತೆಗೆದಾಗ ಲಿವರ್ ತೊಂದರೆ ತೋರಿಸೋ ಎಎಲ್‌ಪಿ, ಎಎಲ್‌ಟಿ ಎರಡೂ ಜಾಸ್ತಿ. ಕಾಮಾಲೆಯಲ್ಲಿ ಏರೋ ಹಳದಿ ಬಣ್ಣ, ಬಿಲಿರುಬಿನ್, 0.3, ಅಂದ್ರೆ ಸರಿ ಇದೆ. ಸ್ಕ್ಯಾನ್ ರಿಪೋರ್ಟಿನಲ್ಲಿ "ಪಿತ್ತಕೋಶದೊಳಗೆ ಅಲುಗಾಡದ ಗಟ್ಟಿ ಪದಾರ್ಥ, ಅಂಚಿನಿಂದ ನಕ್ಷತ್ರದಂಥ ಗೆರೆಗಳು, ಮ್ಯೂಕೋಸೀಲ್ ಇರಬಹುದು" ಅಂತಿದೆ, ಅಂದ್ರೆ ಪಿತ್ತಕೋಶದಲ್ಲಿ ಗಟ್ಟಿ ಲೋಳೆ ತುಂಬಿರೋದು. ನಾಯಿ ಊಟ ಬಿಟ್ಟಿಲ್ಲ, ವಾಂತಿ ಇಲ್ಲ, ಗೇಟಿನ ಹತ್ರ ಬೊಗಳೋದೂ ನಿಂತಿಲ್ಲ. "ಇಷ್ಟು ಚೆನ್ನಾಗಿರೋ ನಾಯಿಗೆ ಹೊಟ್ಟೆ ಕೊಯ್ಸೋದಾ?" ಅಂತ ಮನೆಯವರ ಪ್ರಶ್ನೆ. ಮಾತ್ರೆ ಕೊಟ್ಟು ಕಾಯೋದಾ, ಈಗಲೇ ಕಳಿಸೋದಾ? ಅನುಭವ ಇರೋರು ಹೇಳಿ.

ಕತ್ತರಿ_ಸೂಜಿ
ಈಗಲೇ ಕಳಿಸಿ. ಚೆನ್ನಾಗಿದೆ ಅನ್ನೋದೇ ಕಳಿಸೋಕೆ ಕಾರಣ.

ಅಡಿಕೆತೋಟದ_ವೈದ್ಯ
ಅಷ್ಟು ಅವಸರ ಯಾಕೆ ಮಾರಾಯ್ರೇ? ಸ್ಲಡ್ಜ್ ಇದ್ದಿದ್ದನ್ನೆಲ್ಲ ಮ್ಯೂಕೋಸೀಲ್ ಅಂತ ಬರೆಯೋ ರಿಪೋರ್ಟು ಬೇಕಾದಷ್ಟಿದೆ. ವಯಸ್ಸಾದ ನಾಯಿಗಳಲ್ಲಿ ಅರ್ಧಕ್ಕರ್ಧ ಪಿತ್ತಕೋಶದ ತಳದಲ್ಲಿ ಕೆಸರು ಕೂತಿರುತ್ತೆ, ಅದರ ಪಾಡಿಗೆ ಅದು ಇರುತ್ತೆ. ಮೊದಲು ರಿಪೋರ್ಟ್ ಸರಿ ಇದೆಯಾ ನೋಡಿ, ಆಮೇಲೆ ಕತ್ತರಿ.

ಸ್ಕ್ಯಾನ್_ಮೇಷ್ಟ್ರು
ಇಬ್ಬರ ಮಾತೂ ಹೌದು. ವ್ಯತ್ಯಾಸ ಹಿಡಿಯೋದು ಹೀಗೆ. ನಾಯಿಯನ್ನ ಅಂಗಾತ ಮಲಗಿಸಿ ನೋಡಿ, ಆಮೇಲೆ ನಿಲ್ಲಿಸಿ ಇಲ್ಲಾ ಮಗ್ಗುಲು ಬದಲಿಸಿ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ. ಸ್ಲಡ್ಜ್ ಆದ್ರೆ ಬಾವಿಯ ಕೆಸರಿನ ಹಾಗೆ ಹೊಸ ತಳಕ್ಕೆ ಜಾರುತ್ತೆ. ಮ್ಯೂಕೋಸೀಲ್ ಇದ್ದಲ್ಲಿಂದ ಕದಲೋಲ್ಲ. ಬಲಿತದ್ದಾದ್ರೆ ಗೋಡೆಯಿಂದ ನಡುವಿನ ಕಡೆ ಕಪ್ಪು ಬಿಳಿ ಗೆರೆಗಳು ಓಡಿರುತ್ತವೆ. ಪುಸ್ತಕದಲ್ಲಿ ಕಿವಿ ಹಣ್ಣು ಅಡ್ಡ ಕೊಯ್ದ ಹಾಗೆ ಅಂತಾರೆ. ನಮ್ಮ ಕಡೆಯವರು ಕಂಚಿಕಾಯಿ ಅಡ್ಡ ಕೊಯ್ದು ನೋಡಿದ್ರೂ ಸಾಕು, ಅದೇ ಚಿತ್ರ.

12 ಗಂಟೆ ಹೊಟ್ಟೆ ಖಾಲಿ ಇರಬೇಕು. ಜೊತೆಗೆ ಮೂರು ವಿಷಯ ಬರೆಸಿಕೊಳ್ಳಿ: ಪಿತ್ತಕೋಶದ ಗೋಡೆ ಎಲ್ಲಾದ್ರೂ ಕಡಿದ ಹಾಗಿದೆಯಾ, ಸುತ್ತ ಕೊಬ್ಬು ಬೆಳ್ಳಗೆ ಹೊಳೀತಿದೆಯಾ, ಮುಖ್ಯ ಪಿತ್ತನಾಳ ಎಷ್ಟು ಅಗಲ. ನಾಳ ಸಾಮಾನ್ಯವಾಗಿ 3 ಮಿಮೀ ಒಳಗೆ. ಕೊಬ್ಬು ಹೊಳೆದು ಪಕ್ಕದಲ್ಲಿ ಒಂದು ಗೆರೆ ನೀರು ಕಂಡ್ರೆ ಅದು ಆಗಲೇ ಸೋರ್ತಿದೆ ಅಂತ. ಆಗ ಈ ಚರ್ಚೆ ನಿಲ್ಲಿಸಿ ಗಾಡಿ ಹತ್ತಿಸಿ.

ಮಳೆಗಾಲದ_ಡ್ಯೂಟಿ
ಮೇಷ್ಟ್ರೇ, ವಿಡಿಯೋ ಇದೆ. ಮಗ್ಗುಲು ಬದಲಿಸಿದ್ರೂ ಕದಲಿಲ್ಲ. ಗೋಡೆ ಪೂರ್ತಿ ಇದೆ, ನೀರಿಲ್ಲ, ನಾಳ 2.5 ಮಿಮೀ.

ಸ್ಕ್ಯಾನ್_ಮೇಷ್ಟ್ರು
ಹಾಗಾದ್ರೆ ಮ್ಯೂಕೋಸೀಲೇ. ಇನ್ನೂ ಒಡೆದಿಲ್ಲ, ನಾಳವೂ ಕಟ್ಟಿಲ್ಲ. ಇದಕ್ಕಿಂತ ಒಳ್ಳೆ ಹೊತ್ತು ಸಿಗೋಲ್ಲ.

ಕತ್ತರಿ_ಸೂಜಿ
ಈಗ ಲೆಕ್ಕ ಹೇಳ್ತೀನಿ. ಲಕ್ಷಣ ಇಲ್ಲದಾಗ ದಿನ ಗೊತ್ತು ಮಾಡಿಕೊಂಡು ತೆಗೆದ ನಾಯಿಗಳಲ್ಲಿ ಸಾವು 100ಕ್ಕೆ 2ರ ಆಸುಪಾಸು. ಕಾಮಾಲೆ ಬಂದು, ವಾಂತಿ ಶುರುವಾಗಿ, ರಾತ್ರೋರಾತ್ರಿ ತೆಗೆಯೋ ಪರಿಸ್ಥಿತಿಯಲ್ಲಿ ಅದೇ ಆಪರೇಷನ್‌ಗೆ 100ಕ್ಕೆ 20ರ ಹತ್ರ. ಕೈ ಅದೇ, ದಾರ ಅದೇ, ಬದಲಾಗಿರೋದು ನಾಯಿ ಮಾತ್ರ. ಒಡೆದು ಪಿತ್ತ ಹೊಟ್ಟೆಗೆ ಹರಡಿ ಸೋಂಕೂ ಆಗಿದ್ರೆ ಇನ್ನೂ ಕಷ್ಟ. ಹಳೇ ವರದಿಗಳಲ್ಲಿ 40ರ ತನಕ ಹೋಗಿದೆ.

ಅಡಿಕೆತೋಟದ_ವೈದ್ಯ
ಮಾತ್ರೆಯಲ್ಲೂ ವರ್ಷಗಟ್ಟಲೆ ಬದುಕಿವೆ, ಅದನ್ನೂ ಹೇಳಿ ಡಾಕ್ಟ್ರೇ. 89 ನಾಯಿಗಳ ಒಂದು ಅಧ್ಯಯನದಲ್ಲಿ ಆಪರೇಷನ್ ಆದ ಗುಂಪಿನ ನಡುಮಧ್ಯದ ಆಯಸ್ಸು 1802 ದಿನ, ಬರೀ ಔಷಧಿಯ ಗುಂಪಿನದು 1340 ದಿನ. 1340 ಅಂದ್ರೆ ಮೂರೂವರೆ ವರ್ಷಕ್ಕಿಂತ ಜಾಸ್ತಿ. 10 ವರ್ಷದ ಕಾಕರ್‌ಗೆ ಅದು ಕಡಿಮೆಯಾ?

ಕತ್ತರಿ_ಸೂಜಿ
ಅದೇ ಅಧ್ಯಯನದ ಮೂರನೇ ಗುಂಪನ್ನ ಯಾಕೆ ಬಿಟ್ರಿ ಡಾಕ್ಟ್ರೇ? ಔಷಧಿಯೂ ಆಪರೇಷನ್ನೂ ಎರಡೂ ಆದವು, 203 ದಿನ. ನನ್ನ ಭಯ ಅದೇ. ಮಾತ್ರೆ ಕೊಟ್ಟು ಕಾದು, ಕೈಕೊಟ್ಟ ಮೇಲೆ ಕೊಯ್ಯೋದು. ಮಾತ್ರೆಯಲ್ಲೇ ಇರ್ತೀವಿ ಅನ್ನೋರು 4ರಿಂದ 6 ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸ್ತಾರಾ? ಜುಲೈ ತಿಂಗಳಲ್ಲಿ ಹೊಳೆ ದಾಟಿ ಬರ್ತಾರಾ? ಬರೋ ಮನೆಯಾದ್ರೆ ಸರಿ.

ಅಡಿಕೆತೋಟದ_ವೈದ್ಯ
203ರ ಗುಂಪು ಚಿಕ್ಕದು, ಅದರ ಮೇಲೆ ಅಷ್ಟು ಭಾರ ಹಾಕಬೇಡಿ. ಆದ್ರೆ ಸ್ಕ್ಯಾನಿನ ಮಾತು ಒಪ್ಪಿದೆ.

ಮೆಡಿಕಲ್_ಶಾಪ್_ಸಾಗರ
ಔಷಧಿ ಅಂದ್ರೆ ಯಾವುದು, ಯುಡಿಲಿವ್ ತಾನೆ? ಲೆಕ್ಕ ಹೇಳಿ, ಇಲ್ಲಿ ಚೀಟಿ ಇಲ್ಲದೆ ಬಂದು "ಲಿವರ್ ಮಾತ್ರೆ ಕೊಡಿ" ಅನ್ನೋರು ಜಾಸ್ತಿ.

ಅಡಿಕೆತೋಟದ_ವೈದ್ಯ
ಹೌದು, ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್. ದಿನಕ್ಕೆ ಕೆಜಿಗೆ 10ರಿಂದ 15 ಮಿಗ್ರಾಂ. 12 ಕೆಜಿಗೆ 150ರ ಒಂದು ಮಾತ್ರೆ, ಅರ್ಧರ್ಧ ಮಾಡಿ ಎರಡು ಹೊತ್ತು, ಊಟದ ಜೊತೆ. ಬರೀ ಹೊಟ್ಟೆಗೆ ಕೊಟ್ರೆ ಸರಿಯಾಗಿ ಹೀರೋಲ್ಲ. ಚೀಟಿ ಇಲ್ಲದೆ ದಯವಿಟ್ಟು ಕೊಡಬೇಡಿ ಅಣ್ಣ. ನಾಳ ಪೂರ್ತಿ ಕಟ್ಟಿದ್ರೆ ಈ ಮಾತ್ರೆ ಕೊಡಲೇಬಾರದು. ಪಿತ್ತ ಹರಿಯೋ ಹಾಗೆ ಮಾಡೋ ಮಾತ್ರೆ ಇದು, ಹರಿಯೋಕೆ ದಾರಿ ಇಲ್ಲದಾಗ ಕೊಟ್ರೆ ಒತ್ತಡ ಏರುತ್ತೆ ಅಷ್ಟೇ. ಮಲ ಸುಣ್ಣದ ಹಾಗೆ ಬೂದು ಬಿಳಿ ಆಗಿದೆ ಅಂದ್ರೆ ಅಂಗಡಿಯಿಂದಲೇ ಆಸ್ಪತ್ರೆಗೆ ಕಳಿಸಿ.

ಹೊಸನಗರ_ಪೊಮೇರಿಯನ್
ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡೋದು ನಮ್ಮ ಕಡೆ ರೂಢಿ. ನಾಯಿಗೂ ಕೊಡ್ತಾರೆ. ಅದೂ ಬೇಡವಾ?

ಕತ್ತರಿ_ಸೂಜಿ
ಅಕ್ಕ, ಪೈಪಿನಲ್ಲಿ ಬಿರಡೆ ಸಿಕ್ಕಿಕೊಂಡಾಗ ಟ್ಯಾಂಕಿಗೆ ಔಷಧಿ ಹಾಕಿದ್ರೆ ಬಿರಡೆ ಬಿಡುತ್ತಾ? ಎಲೆಗಿಂತ ಹೆಚ್ಚು ಹಾಳು ಮಾಡೋದು "ಇನ್ನೊಂದು ವಾರ ನೋಡೋಣ" ಅನ್ನೋದು.

ಇಲಿಜ್ವರ_ಗೊತ್ತಾ
ಒಂದು ತಿದ್ದುಪಡಿ. ನಮ್ಮ ಕಡೆ ಹಳದಿ ನಾಯಿ ಅಂದ ಕೂಡ್ಲೇ ಪಿತ್ತಕೋಶ ಅಂತ ಓಡಬೇಡಿ. ಜೂನ್‌ನಿಂದ ಅಕ್ಟೋಬರ್ ತನಕ ಗದ್ದೆ ಬದು, ಕೊಟ್ಟಿಗೆ ನೀರು, ಇಲಿ ಎಲ್ಲ ಒಂದೇ ಕಡೆ. ಕಾಮಾಲೆ ಜೊತೆ ಕ್ರಿಯಾಟಿನಿನ್ (ಕಿಡ್ನಿಯ ಅಂಕಿ) ಏರಿದ್ರೆ ಮೊದಲು ಇಲಿಜ್ವರ ನೆನಪಾಗಬೇಕು. ಆಂಟಿಬಯೋಟಿಕ್ ಕೊಡೋ ಮೊದಲೇ ರಕ್ತ, ಮೂತ್ರ ಎರಡನ್ನೂ ಪಿಸಿಆರ್‌ಗೆ ತೆಗೆದಿಡಿ. ಡಾಕ್ಸಿಸೈಕ್ಲಿನ್ ಕೆಜಿಗೆ 5 ಮಿಗ್ರಾಂ, 12 ಗಂಟೆಗೊಮ್ಮೆ, 14 ದಿನ. ಮೂತ್ರ ಮುಟ್ಟೋವಾಗ ಗ್ಲೌಸ್, ಮನುಷ್ಯರಿಗೂ ಬರುತ್ತೆ. ಇನ್ನೊಂದು ಉಣುಗಿನ ಜ್ವರ. ಬೆಬಿಸಿಯಾದಲ್ಲಿ ಕೆಂಪು ರಕ್ತಕಣ ಒಡೆದು ಹಳದಿ ಆಗುತ್ತೆ, ಒಸಡು ಬಿಳಿಚಿಕೊಂಡು ಹಳದಿ ಇರುತ್ತೆ. ಹಿಮ್ಯಾಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) 100ಕ್ಕೆ 18ಕ್ಕೆ ಇಳಿದಿರೋ ನಾಯಿಯ ಹೊಟ್ಟೆ ಕೊಯ್ದು ಪಿತ್ತಕೋಶ ಹುಡುಕಿದ್ರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಕಾಡಂಚು
ಮಂಗನ ಕಾಯಿಲೆ ತರೋ ಉಣುಗೇ ನಾಯಿಗೂ ಈ ಜ್ವರ ತರೋದಾ?

ಇಲಿಜ್ವರ_ಗೊತ್ತಾ
ಅಲ್ಲ. ಮಂಗನ ಕಾಯಿಲೆ ವೈರಸ್ಸು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು, ಅದನ್ನ ಹರಡೋದು ಹಿಮಾಫೈಸಾಲಿಸ್ ಅನ್ನೋ ಕಾಡಿನ ಉಣುಗು. ನಾಯಿಯ ಉಣುಗಿನ ಜ್ವರಗಳಲ್ಲಿ ಇನ್ನೊಂದಾದ ಎರ್ಲಿಕಿಯಾ ತರೋದು ಮನೆ ಗೋಡೆ ಸಂದಿನಲ್ಲೂ ಮೊಟ್ಟೆ ಇಡೋ ಕಂದು ಉಣುಗು, ರೈಪಿಸೆಫಾಲಸ್. ಕಾಡಿಗೆ ಹೋಗದ ನಾಯಿಗೂ ಬರುತ್ತೆ.

ಲ್ಯಾಬ್_ಭದ್ರಾವತಿ
ಈ ಉಣುಗಿನ ಮಾತು ದಾರಿ ತಪ್ಪಿದ್ದಲ್ಲ. ಎರ್ಲಿಕಿಯಾ ಹಳೆಯದಾಗಿ ಕೂತಿದ್ರೆ ಪ್ಲೇಟ್‌ಲೆಟ್ 40 ಸಾವಿರ ಇದ್ದೂ ನಾಯಿ ಆಡ್ಕೊಂಡಿರುತ್ತೆ. ಆಪರೇಷನ್ ಮೊದಲು ಪ್ಲೇಟ್‌ಲೆಟ್ ನೋಡಲೇಬೇಕು. ಮಿಷನ್ ಕಡಿಮೆ ತೋರಿಸಿದ್ರೆ ಸ್ಲೈಡ್ ಹಚ್ಚಿ ಅಂಚಿನಲ್ಲಿ ಗುಂಪು ಕಟ್ಟಿದೆಯಾ ನೋಡಿ.

ಹೆಪ್ಪುಗಟ್ಟೋ ಸಮಯಕ್ಕೆ ನೀಲಿ ಮುಚ್ಚಳದ ಟ್ಯೂಬು, ಗೆರೆಯ ತನಕ ಸರಿಯಾಗಿ. 0.3 ಮಿಲೀ ಸಿಟ್ರೇಟ್ ಇದ್ರೆ 2.7 ಮಿಲೀ ರಕ್ತ. ಅರ್ಧ ತುಂಬಿ ಕಳಿಸ್ತಾರೆ, ಸಮಯ ಸುಳ್ಳೇ ಉದ್ದ ಬರುತ್ತೆ, ಡಾಕ್ಟ್ರು ಗಾಬರಿಯಾಗ್ತಾರೆ. ಬಿಲಿರುಬಿನ್ ಟ್ಯೂಬಿಗೆ ಫಾಯಿಲ್ ಸುತ್ತಿ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಲ್ಲಿ ಬಂದ ಸ್ಯಾಂಪಲ್‌ನಲ್ಲಿ ಅದು ಕರಗಿಹೋಗಿರುತ್ತೆ.

ಮಳೆಗಾಲದ_ಡ್ಯೂಟಿ
ಪ್ಲೇಟ್‌ಲೆಟ್ 2.1 ಲಕ್ಷ. ಸರಿ, ಕಳಿಸೋದು ಅಂತ ಇಟ್ಕೊಳ್ಳಿ. ಕಳಿಸೋ ಮೊದಲು ನಾನು ಇಲ್ಲೇ ಏನು ಮಾಡಬಹುದು?

ಹಾರ್ಮೋನ್_ಹುಚ್ಚು
ಥೈರಾಯ್ಡ್ ಮತ್ತು ಕುಶಿಂಗ್ಸ್ (ಮೈಯಲ್ಲೇ ಸ್ಟಿರಾಯ್ಡ್ ಹಾರ್ಮೋನ್ ಜಾಸ್ತಿಯಾಗೋ ಕಾಯಿಲೆ) ಟೆಸ್ಟ್. ಕುಶಿಂಗ್ಸ್ ಇರೋ ನಾಯಿಯಲ್ಲಿ ಮ್ಯೂಕೋಸೀಲ್ ಸಾಧ್ಯತೆ 29 ಪಟ್ಟು ಅಂತ ಲೆಕ್ಕ ಇದೆ, ಥೈರಾಯ್ಡ್ ಕಡಿಮೆ ಇದ್ರೆ 3 ಪಟ್ಟು. ಕಾಮಾಲೆ ಬಂದು ನಾಯಿ ಸೊರಗಿದ ಮೇಲೆ ಎರಡು ಟೆಸ್ಟೂ ಸುಳ್ಳು ಹೇಳ್ತವೆ, ಈಗ ಹೇಳೋಲ್ಲ. ನೀರು ಜಾಸ್ತಿ ಕುಡಿಯುತ್ತಾ, ಹೊಟ್ಟೆ ಜೋತಿದೆಯಾ, ಬೆನ್ನಿನ ಕೂದಲು ತೆಳುವಾಗಿದೆಯಾ ಕೇಳಿ. ಕಾಕರ್ ಅಂದ್ರೆ ಕಿವಿ ಸೋಂಕು, ತುರಿಕೆ ಇದ್ದೇ ಇರುತ್ತೆ. ನಮ್ಮ ಮಳೆಗೆ ತುರಿಕೆ ಎದ್ದಾಗೆಲ್ಲ ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಕೊಡೋ ಅಭ್ಯಾಸ ಮನೆಯವರಿಗಿದೆಯಾ ಅಂತ ಮೊದಲು ವಿಚಾರಿಸಿ. ಸ್ಟಿರಾಯ್ಡ್ ಒಂದೇ ಸಾಕು ಎಎಲ್‌ಪಿ ಮೇಲೇರೋಕೆ. ಅದು ತಿಳಿಯದೆ ಕುಶಿಂಗ್ಸ್ ಟೆಸ್ಟ್ ಮಾಡಿದ್ರೆ ದುಡ್ಡು ದಂಡ.

ಮಳೆಗಾಲದ_ಡ್ಯೂಟಿ
ಹೋದ ಮಳೆಗಾಲದಲ್ಲಿ ಎರಡು ತಿಂಗಳು ಕೊಟ್ಟಿದ್ದಾರೆ. ಈಗ ಇಲ್ಲ. ನೀರು ಮಾಮೂಲಿ.

ಹಾರ್ಮೋನ್_ಹುಚ್ಚು
ಹಾಗಾದ್ರೆ ಥೈರಾಯ್ಡ್ ಮತ್ತು ಹೊಟ್ಟೆ ಖಾಲಿ ಇದ್ದಾಗಿನ ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ಸಾಕು. ಲಕ್ಷಣ ಇಲ್ಲದೆ ಕುಶಿಂಗ್ಸ್ ಹಿಂದೆ ಹೋಗಬೇಡಿ.

ಹೊಲಿಗೆ_ಕಲೀತಿರೋ
ಆಪರೇಷನ್‌ನಲ್ಲಿ ಪಿತ್ತಕೋಶ ಕೊಯ್ದು, ಲೋಳೆ ತೆಗೆದು, ತೊಳೆದು, ವಾಪಸ್ ಹೊಲಿಯೋದಕ್ಕೆ ಆಗೋಲ್ವಾ ಸಾರ್? ಅಂಗ ಉಳಿಯುತ್ತಲ್ಲ.

ಕತ್ತರಿ_ಸೂಜಿ
ಆಗೋಲ್ಲ. ಕಾಯಿಲೆ ಇರೋದು ಗೋಡೆಯಲ್ಲಿ. ಒಳಪದರವೇ ದಪ್ಪಗಾಗಿ ಲೋಳೆ ಸುರಿಸ್ತಾ ಇರೋದು, ಮತ್ತೆ ತುಂಬುತ್ತೆ. ಗೋಡೆ ಕೆಲವು ಕಡೆ ಸತ್ತು ಕಪ್ಪು ಹಸಿರಾಗಿ ಒದ್ದೆ ಕಾಗದದ ಹಾಗಿರುತ್ತೆ, ಅದರಲ್ಲಿ ಹೊಲಿಗೆ ನಿಲ್ಲೋಲ್ಲ. ಇಡೀ ಚೀಲವೇ ಬರಬೇಕು.

ಕ್ರಮ ಹೇಳ್ತೀನಿ. ಎದೆಮೂಳೆಯ ತುದಿಯಿಂದ ಹೊಕ್ಕುಳ ದಾಟಿ ನಡುಗೆರೆಯಲ್ಲಿ ಕೊಯ್ತ. ಒಳಗೆ ಎದುರಿಗೇ ಸಿಗೋ ಫ್ಯಾಲ್ಸಿಫಾರ್ಮ್ ಕೊಬ್ಬು ತೆಗೆದುಬಿಡಿ, ಇಲ್ಲದಿದ್ರೆ ಕೊನೇ ತನಕ ಕಣ್ಣಿಗೆ ಅಡ್ಡ. ಲಿವರ್ ಮತ್ತು ವಪೆಯ (ಎದೆ ಹೊಟ್ಟೆ ನಡುವಿನ ಪರದೆ) ನಡುವೆ ಒದ್ದೆ ಬಟ್ಟೆ ತುರುಕಿ ಲಿವರನ್ನ ಕೊಯ್ತದ ಕಡೆಗೆ ತನ್ನಿ. ಪಿತ್ತಕೋಶದ ಸುತ್ತ ಒದ್ದೆ ಬಟ್ಟೆ ಹಾಸಿ ಬೇರೆ ಮಾಡಿ. ಒಡೆದ್ರೂ ಹೊಟ್ಟೆಗೆ ಬೀಳಬಾರದು. ಆಮೇಲೆ ಲಿವರಿನ ಗುಂಡಿಯಿಂದ ಬಿಡಿಸೋದು: ಹತ್ತಿ ತುದಿಯ ಕಡ್ಡಿ ಅಥವಾ ಬೆರಳಿನಿಂದ, ಚೂಪು ಕತ್ತರಿ ಬೇಡ. ಲಿವರ್ ಕಡೆ ಹೋದ್ರೆ ರಕ್ತ, ಚೀಲದ ಕಡೆ ಹೋದ್ರೆ ಪಿತ್ತ. ನಡುವೆ ಸಣ್ಣ ಬಿಳಿ ಎಳೆಯ ಪದರ ಸಿಗುತ್ತೆ, ಅದರಲ್ಲೇ ಹೋಗಿ. ರಕ್ತ ಜಿನುಗಿದ್ರೆ ಐದು ನಿಮಿಷ ಒತ್ತಿ ಹಿಡಿಯಿರಿ, ಗಡಿಯಾರ ನೋಡಿ. ಎರಡು ನಿಮಿಷಕ್ಕೆ ಬಟ್ಟೆ ಎತ್ತಿ ನೋಡೋದೇ ದೊಡ್ಡ ತಪ್ಪು. ನಿಲ್ಲದಿದ್ರೆ ಜೆಲ್‌ಫೋಮ್ (ರಕ್ತ ನಿಲ್ಲಿಸೋ ಸ್ಪಂಜು).

ಕೊನೆಗೆ ಸಿಸ್ಟಿಕ್ ನಾಳ, ಅಂದ್ರೆ ಪಿತ್ತಕೋಶವನ್ನ ಮುಖ್ಯ ನಾಳಕ್ಕೆ ಸೇರಿಸೋದು. ಕಟ್ಟೋ ಮೊದಲು ಅದರಲ್ಲಿರೋ ಲೋಳೆಯನ್ನ ಬೆರಳಿಂದ ಚೀಲದ ಕಡೆಗೆ ಹಿಂಡಿ. ಬಲಿತ ಲೋಳೆ ದಾಸವಾಳದ ಸೊಪ್ಪಿನ ಲೋಳೆ ಅರ್ಧ ಆರಿದ ಹಾಗಿರುತ್ತೆ, ಕಪ್ಪು ಹಸಿರು, ಎಳೆದ್ರೆ ರಬ್ಬರಿನ ಹಾಗೆ ಬರುತ್ತೆ. ಒಂದು ಬೆರಳುಗುರಿನಷ್ಟು ಉಳಿದ್ರೂ ಆಮೇಲೆ ಮುಖ್ಯ ನಾಳಕ್ಕೆ ಇಳಿದು ಕಟ್ಟಿಕೊಳ್ಳುತ್ತೆ. ಎರಡು ಕಟ್ಟು, 3-0 ಪಿಡಿಎಸ್ ದಾರ, ನಿಧಾನಕ್ಕೆ ಕರಗೋದು. ಕ್ಯಾಟ್‌ಗಟ್ ದಾರ ಅಂತೂ ಬೇಡವೇ ಬೇಡ, ಸೋಂಕಿದ್ದಲ್ಲಿ ಎಷ್ಟು ದಿನ ನಿಲ್ಲುತ್ತೆ ಅನ್ನೋ ಭರವಸೆ ಇಲ್ಲ. ಲಿವರ್‌ನಿಂದ ಬರೋ ಮೊದಲ ನಾಳ ಎಲ್ಲಿ ಸೇರುತ್ತೆ ಅಂತ ಕಣ್ಣಾರೆ ನೋಡಿದ ಮೇಲೆ ಕಟ್ಟು ಹಾಕಿ. ಅದನ್ನೂ ಸೇರಿಸಿ ಕಟ್ಟಿದ್ರೆ ಮತ್ತೊಂದು ಕಾಮಾಲೆ.

ನೇರ_ದಾರಿ
ಮುಖ್ಯ ನಾಳ ತೊಳೆಯೋ ವಿಚಾರ ಬಿಟ್ರಿ. ಸಣ್ಣಕರುಳು ತೆರೆದು ಪ್ಯಾಪಿಲ್ಲಾ (ಪಿತ್ತನಾಳ ಕರುಳಿಗೆ ತೆರೆಯೋ ಬಾಯಿ) ಕಡೆಯಿಂದ ಕ್ಯಾತಿಟರ್ ಟ್ಯೂಬು ಹಾಕ್ತೀರಾ, ಮೇಲಿಂದ ಹಾಕ್ತೀರಾ?

ಕತ್ತರಿ_ಸೂಜಿ
ಮೇಲಿಂದ. ಸಿಸ್ಟಿಕ್ ನಾಳದಿಂದ 5 ಫ್ರೆಂಚ್ ಕೆಂಪು ರಬ್ಬರ್ ಟ್ಯೂಬು, ಬೆಚ್ಚಗಿನ ಸಲೈನ್. ಕರುಳಿಗೆ ಸಲೀಸಾಗಿ ಇಳಿದ್ರೆ ಮುಗೀತು.

ನೇರ_ದಾರಿ
ಇಳಿಯದಿದ್ರೆ?

ಕತ್ತರಿ_ಸೂಜಿ
ಆಗ ಕರುಳು ತೆರೆಯಲೇಬೇಕು. ಜಠರ ಕರುಳಿಗೆ ತೆರೆಯೋ ಬಾಯಿಂದ 3ರಿಂದ 6 ಸೆಂಮೀ ಕೆಳಗೆ, ಮೆಸೆಂಟರಿ (ಕರುಳನ್ನ ಹಿಡಿದಿರೋ ಪದರ) ಇಲ್ಲದ ಬದಿಯಲ್ಲಿ, 2ರಿಂದ 3 ಸೆಂಮೀ ಕೊಯ್ತ. ಬಿಲಿರುಬಿನ್ ಸರಿ ಇದ್ದು ನಾಳ ಅಗಲವಾಗಿಲ್ಲದ ನಾಯಿಗೆ ಸುಮ್ಮನೆ ಕರುಳು ತೆರೆಯೋದು ನನಗೆ ಒಪ್ಪಿಗೆಯಿಲ್ಲ. ನಾಯಿಯಲ್ಲಿ ಪ್ಯಾಂಕ್ರಿಯಾಸಿನ ಒಂದು ನಾಳ ಅದೇ ಪ್ಯಾಪಿಲ್ಲಾದ ಮಗ್ಗುಲಲ್ಲೇ ತೆರೆಯೋದು. ಅಲ್ಲಿ ನಾಲ್ಕು ಸಲ ಟ್ಯೂಬು ತೂರಿಸಿದ್ರೆ ಊದಿಕೊಂಡು ಮೂರನೇ ದಿನ ಪ್ಯಾಂಕ್ರಿಯಾಟೈಟಿಸ್ ಅಂತ ವಾಂತಿ ಶುರು.

ನೇರ_ದಾರಿ
ನಾನು ಒಪ್ಪೋಲ್ಲ. ಕಾಮಾಲೆ ಇದ್ದ ನಾಯಿಗೆ ಕೆಳಗಿಂದಲೇ ತೊಳೆಯಬೇಕು, ಮೇಲಿಂದ ಒತ್ತಿದ್ರೆ ಬಿರಡೆ ಇನ್ನೂ ಬಿಗಿಯಾಗಿ ಪ್ಯಾಪಿಲ್ಲಾದಲ್ಲಿ ಕೂರುತ್ತೆ. ಈ ಕೇಸಿಗೆ ಮೇಲಿಂದ ಸರಿ.

ಕತ್ತರಿ_ಸೂಜಿ
ಈ ಕೇಸಿನ ಮಾತೇ ನಾನೂ ಹೇಳಿದ್ದು.

ಲ್ಯಾಬ್_ಭದ್ರಾವತಿ
ತೆಗೆದ ಚೀಲವನ್ನ ಪೂರ್ತಿ ಫಾರ್ಮಲಿನ್‌ಗೆ ಹಾಕಬೇಡಿ! ಮೊದಲು ಗೋಡೆಯ ತುಂಡು ಮತ್ತೆ ಸಿಗೋಷ್ಟು ಪಿತ್ತ ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟು), ಲಿವರಿನ ತುಂಡು ಒಂದು ಕಲ್ಚರ್‌ಗೆ ಒಂದು ಬಯಾಪ್ಸಿಗೆ. ಬರೀ ಲೋಳೆ ಕಳಿಸಿದ್ರೆ ಏನೂ ಬೆಳೆಯೋಲ್ಲ, "ಸೋಂಕಿಲ್ಲ" ಅಂತ ಬರೆದು ಕೊಡ್ತೀವಿ. ಬೆಳೆದ್ರೆ ಸಾಮಾನ್ಯವಾಗಿ ಇ ಕೋಲೈ, ಎಂಟರೋಕಾಕಸ್.

ಅರಿವಳಿಕೆ_ಕುರ್ಚಿ
ಕತ್ತರಿಯವರು ಕತ್ತರಿಯದ್ದೇ ಮಾತಾಡ್ತಾರೆ. ನಾಯಿ ಸಾಯೋದು ಹೆಚ್ಚಾಗಿ ರಕ್ತದೊತ್ತಡದಲ್ಲಿ. ಸರಾಸರಿ ಒತ್ತಡ 60ರ ಕೆಳಗೆ ಬಿಡಬೇಡಿ. ಬಿದ್ರೆ ಮೊದಲು ಅರಿವಳಿಕೆ ಗ್ಯಾಸು ಐಸೊಫ್ಲುರೇನ್ ಇಳಿಸಿ, ಆಮೇಲೆ ಡ್ರಿಪ್, ಆಮೇಲೆ ಒತ್ತಡ ಏರಿಸೋ ನಾರ್‌ಅಡ್ರಿನಲಿನ್. ಐಸೊಫ್ಲುರೇನ್ 3ರಲ್ಲಿಟ್ಟು ಡ್ರಿಪ್ ಮಾತ್ರ ಓಡಿಸೋರಿದ್ದಾರೆ, ನಾಯಿ ಊದಿಕೊಳ್ಳುತ್ತೆ, ಒತ್ತಡ ಏರೋಲ್ಲ. ನೋವು ತಡೆಯೋ ಫೆಂಟನಿಲ್ ಇದ್ರೆ ಗ್ಯಾಸು ಅರ್ಧಕ್ಕೆ ಇಳಿಸಬಹುದು. ವಾಂತಿ ತಡೆಯೋ ಮಾರೋಪಿಟಂಟ್ ಕೆಜಿಗೆ 1 ಮಿಗ್ರಾಂ ಮೊದಲೇ ಕೊಡಿ, ವಾಂತಿ ಶ್ವಾಸನಾಳಕ್ಕೆ ಹೋದ್ರೆ ಪಿತ್ತಕೋಶ ಎಷ್ಟು ಚೆಂದ ತೆಗೆದ್ರೂ ಪ್ರಯೋಜನವಿಲ್ಲ. ನೋವಿನ ಔಷಧಿ ಮೆಲಾಕ್ಸಿಕಾಂ ಆ ದಿನ ಬೇಡ.

ಮಲೆನಾಡಿನ ಮಳೆಯಲ್ಲಿ ಇನ್ನೊಂದು ಪಾಡು: ಕರೆಂಟು ಮತ್ತು ಚಳಿ. 12 ಕೆಜಿ ನಾಯಿ, ಹೊಟ್ಟೆ ತೆರೆದು ಒಂದೂವರೆ ಗಂಟೆ, ತಣ್ಣನೆ ಸಲೈನ್‌ನಲ್ಲಿ ತೊಳೆದ್ರೆ ಮೈ 35 ಡಿಗ್ರಿಗೆ ಇಳಿಯುತ್ತೆ. ಆಗ ರಕ್ತ ಹೆಪ್ಪುಗಟ್ಟೋದೂ ನಿಧಾನ. ಸಲೈನ್ ಬಾಟ್ಲಿ ಬಿಸಿನೀರಲ್ಲಿಟ್ಟು ಮೊದಲೇ ತಯಾರಿಡಿ. ಒಡೆದ ಕೇಸಾದ್ರೆ ತೊಳೆಯೋಕೆ ಕೆಜಿಗೆ 200ರಿಂದ 300 ಮಿಲೀ, ಈ ನಾಯಿಗೆ ಸುಮಾರು ಎರಡೂವರೆಯಿಂದ ಮೂರೂವರೆ ಲೀಟರು ಬೇಕಾಗುತ್ತೆ. ಯುಪಿಎಸ್ ಎಷ್ಟು ಹೊತ್ತು ಬರುತ್ತೆ ಅಂತ ಆಪರೇಷನ್ ಮಾಡೋರನ್ನ ಕೇಳೋಕೆ ನಾಚಿಕೆ ಬೇಡ.

ಇಲಿಜ್ವರ_ಗೊತ್ತಾ
ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಮರೆತ್ರಿ.

ಅರಿವಳಿಕೆ_ಕುರ್ಚಿ
ಪಿತ್ತ ಕರುಳಿಗೆ ಇಳೀತಿರೋ ನಾಯಿಗೆ ಬೇಕಾಗೋದು ಕಡಿಮೆ. ನಾಳ ಕಟ್ಟಿದ್ರೆ ಬೇಕೇ ಬೇಕು, ಯಾಕಂದ್ರೆ ಪಿತ್ತ ಇಲ್ಲದೆ ಕೊಬ್ಬಿನಲ್ಲಿ ಕರಗೋ ವಿಟಮಿನ್ ಒಳಗೆ ಹೋಗೋಲ್ಲ. ಕೆಜಿಗೆ 0.5ರಿಂದ 1 ಮಿಗ್ರಾಂ, ಚರ್ಮದಡಿಗೆ, ಸಣ್ಣ ಸೂಜಿ, 12 ಗಂಟೆಗೊಮ್ಮೆ, ಕೊಯ್ಯೋ ಹಿಂದಿನ ದಿನದಿಂದ. ರಕ್ತನಾಳಕ್ಕೆ ಬೇಡ, ಅಲರ್ಜಿಯಲ್ಲಿ ಕುಸಿದುಬೀಳಬಹುದು.

ಹೊಸನಗರ_ಪೊಮೇರಿಯನ್
ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಏನು ಹಾಕೋದು? ಇಲ್ಲಿ ನಾಯಿಗೆ ಅನ್ನ, ಮೀನಿನ ತಲೆ, ಕೋಳಿ ಚರ್ಮ. ಭಾನುವಾರ ಹಂದಿ.

ಅಡಿಕೆತೋಟದ_ವೈದ್ಯ
ಹಂದಿ, ಕೋಳಿ ಚರ್ಮ, ಕಾಯಿಹಾಲು, ತುಪ್ಪದ ತಳ ಎಲ್ಲ ಬಂದ್. ಚರ್ಮ ತೆಗೆದ ಕೋಳಿ ಎದೆಮಾಂಸ ಬೇಯಿಸಿ, ಮೇಲೆ ತೇಲೋ ಜಿಡ್ಡು ತೆಗೆದು, ಮೆತ್ತಗಿನ ಅನ್ನದ ಜೊತೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಪಿತ್ತಕೋಶ ಹೋದ್ರೂ ಲಿವರ್ ಪಿತ್ತ ಮಾಡ್ತಾನೇ ಇರುತ್ತೆ, ಕೂಡಿಡೋ ಚೀಲ ಇಲ್ಲ ಅಷ್ಟೆ. ಇದು ಮೊದಲ ಎರಡು ಮೂರು ವಾರಕ್ಕೆ. ಇದನ್ನೇ ತಿಂಗಳುಗಟ್ಟಲೆ ಹಾಕಿದ್ರೆ ಕ್ಯಾಲ್ಸಿಯಂ ಸಾಲೋಲ್ಲ, ಆಮೇಲೆ ಕಡಿಮೆ ಕೊಬ್ಬಿನ ಸಿದ್ಧ ಆಹಾರ.

ಕತ್ತರಿ_ಸೂಜಿ
ಮೊದಲ 14 ದಿನ ದಾಟಿದ್ರೆ ಬಹುಪಾಲು ನಾಯಿಗಳು ಆಮೇಲೆ ಈ ಕಾರಣಕ್ಕೆ ಸಾಯೋಲ್ಲ. ಆ 14 ದಿನದಲ್ಲಿ ನೋಡಬೇಕಾದ್ದು ವಾಂತಿ, ಜ್ವರ, ಊಟ ಬಿಡೋದು, ಹೊಟ್ಟೆ ಉಬ್ಬೋದು. ಡ್ರೇನ್ (ಹೊಟ್ಟೆಯ ನೀರು ಹೊರಗೆ ಬಿಡೋ ಟ್ಯೂಬು) ಇಟ್ಟಿದ್ರೆ ಅದರ ನೀರಿನ ಬಿಲಿರುಬಿನ್ ಮತ್ತು ರಕ್ತದ ಬಿಲಿರುಬಿನ್ ಒಟ್ಟಿಗೆ ನೋಡಿ, ನೀರಿನದು ರಕ್ತದ ಎರಡು ಪಟ್ಟಿಗಿಂತ ಜಾಸ್ತಿ ಇದ್ರೆ ಎಲ್ಲೋ ಸೋರ್ತಿದೆ.

ಕಾಡಂಚು
ಕಾಮಾಲೆ ಇದ್ದು ಆಪರೇಷನ್ ಆದ ನಾಯಿ ವಾರವಾದ್ರೂ ಹಳದಿಯಾಗೇ ಇದ್ರೆ ಫೇಲ್ ಅಂತಾನಾ?

ಲ್ಯಾಬ್_ಭದ್ರಾವತಿ
ಇಲ್ಲ. ಬಿಲಿರುಬಿನ್‌ನ ಒಂದು ಭಾಗ ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಿರುತ್ತೆ, ಆ ಅಲ್ಬುಮಿನ್ ಹಳೆಯದಾಗಿ ಹೋಗೋ ತನಕ ಅದೂ ಹೋಗೋಲ್ಲ. ಎರಡು ಮೂರು ವಾರ ಹಿಡಿಯಬಹುದು. ಊಟ ಮಾಡ್ತಿದ್ದು ಅಂಕಿ ಇಳೀತಿದ್ರೆ ಕಾಯಿರಿ. ಅಂಕಿ ತಿರುಗಿ ಏರಿದ್ರೆ ಸ್ಕ್ಯಾನ್.

ಮಳೆಗಾಲದ_ಡ್ಯೂಟಿ
ಮನೆಯವರ ಹತ್ರ ಮಾತಾಡಿದೆ. 2 ಮತ್ತೆ 20ರ ಲೆಕ್ಕ ಹೇಳಿದ ಮೇಲೆ ಒಪ್ಪಿದ್ರು. ಬೆಂಗಳೂರಿನ ತನಕ 350 ಕಿಮೀ ಕರ್ಕೊಂಡು ಹೋಗಬೇಕಾ, ಶಿವಮೊಗ್ಗದಲ್ಲೇ ಆಗುತ್ತಾ ಅನ್ನೋದು ಈಗಿನ ಪ್ರಶ್ನೆ.

ಅರಿವಳಿಕೆ_ಕುರ್ಚಿ
ಊರು ನೋಡಬೇಡಿ, ರಾತ್ರಿ ನೋಡಿ. ಆಪರೇಷನ್ ಆದ ಮೊದಲ ಎರಡು ರಾತ್ರಿ ನಾಯಿ ಪಕ್ಕ ಎಚ್ಚರ ಇರೋ ಜನ, ಒತ್ತಡ ನೋಡೋ ಮಿಷನ್, ಬೇಕಾದ್ರೆ ರಕ್ತ ಕೊಡೋ ನಾಯಿ. ಈ ಮೂರು ಎಲ್ಲಿದೆಯೋ ಅಲ್ಲಿಗೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಮೊದಲು ಫೋನ್ ಮಾಡಿ ಈ ಮೂರನ್ನೇ ಕೇಳಿ.

ಮಳೆಗಾಲದ_ಡ್ಯೂಟಿ
ಸರಿ ಸಾರ್. ಸೋಮವಾರ ಬೆಳಿಗ್ಗೆ ಥೈರಾಯ್ಡ್, ಟ್ರೈಗ್ಲಿಸರೈಡ್, ಹೆಪ್ಪುಗಟ್ಟೋ ಸಮಯ ಮೂರಕ್ಕೂ ರಕ್ತ ತೆಗೀತೀನಿ. ಬಸ್ಸಿನಲ್ಲಿ ಕಳಿಸಬಹುದಾ?

ಲ್ಯಾಬ್_ಭದ್ರಾವತಿ
ನೀಲಿ ಟ್ಯೂಬು 4 ಗಂಟೆ ಒಳಗೆ ಕೈಗೆ ಸಿಗಬೇಕು, ಬೆಳಿಗ್ಗೆ ಮೊದಲ ಬಸ್ಸಿಗೇ ಹಾಕಿ. ಭಾನುವಾರ ರಾತ್ರಿ 8ರ ಮೇಲೆ ಊಟ ಇಲ್ಲ, ನೀರು ಇರಲಿ. ಬಿಸ್ಕತ್ತೂ ಊಟವೇ ಅಂತ ಮನೆಯವರಿಗೆ ಒತ್ತಿ ಹೇಳಿ.